ಅಳತೆಗೆ ಕೊಟ್ಟ ಸೈಕಲ್ಲು

ನಮ್ಮ ಕಡೆಯ ಮನೆಗಳಲ್ಲಿ ಮೈನೋವಿಗೆ ಎರಡೇ ಕಾರಣಗಳು. ಒಂದು ವಾಯು, ಇನ್ನೊಂದು ವಯಸ್ಸು. ನಲವತ್ತರ ಒಳಗಿನವರಿಗೆ ನೋವು ಬಂದರೆ ಅದು ವಾಯು. ನಲವತ್ತು ದಾಟಿದವರಿಗೆ ಬಂದರೆ ವಯಸ್ಸು. ವಾಯುವಿಗೆ ಶುಂಠಿಯ ಕಷಾಯವಿದೆ, ಅಜವಾನವಿದೆ. ವಯಸ್ಸಿಗೆ ಮದ್ದಿಲ್ಲವೆಂಬುದನ್ನು ಎಲ್ಲರೂ ಒಪ್ಪಿಬಿಟ್ಟಿರುವುದರಿಂದ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಊರು ಬಿಟ್ಟು ಬಂದು ಮೂವತ್ತು ನಲವತ್ತು ವರ್ಷ ಪರಸ್ಥಳದಲ್ಲಿ ಸಂಸಾರ ಮಾಡಿದ ನಾವು ಬೇರೇನನ್ನು ಮರೆತಿದ್ದರೂ ಈ ವೈದ್ಯಶಾಸ್ತ್ರವನ್ನು ಮಾತ್ರ ಟ್ರಂಕಿನಲ್ಲಿ ಇಟ್ಟುಕೊಂಡೇ ಬಂದಿದ್ದೇವೆ.

ಈಚೆಗೆ ನನಗೆ ಮೂರನೆಯದೊಂದು ಕಾರಣದ ಪರಿಚಯವಾಯಿತು. ನಾವು ದಿನವೂ ಬಳಸುವ ವಸ್ತು ನಮ್ಮ ಮೈಯ ಅಳತೆಯದಾಗಿರದಿದ್ದರೆ ಅದರಿಂದಲೂ ನೋವು ಬರುತ್ತದೆ, ಮತ್ತು ಆ ನೋವು ಥೇಟು ವಯಸ್ಸಿನ ನೋವಿನಂತೆಯೇ ಇರುತ್ತದೆ. ಇದನ್ನು ನನಗೆ ಕಲಿಸಿದ್ದು ಒಂದು ಸೈಕಲ್ಲು. ನಮ್ಮ ಸಂಘದ ಅನೇಕ ಕುಟುಂಬಗಳಲ್ಲಿ ಈಗ ಸೈಕಲ್ಲು ಮರಳಿ ಬಂದಿದೆ. ಕೆಲವರು ಸಕ್ಕರೆ ಕಾಯಿಲೆಗೆಂದು, ಕೆಲವರು ಮಕ್ಕಳ ಒತ್ತಾಯಕ್ಕೆಂದು ತುಳಿಯುತ್ತಿದ್ದಾರೆ. ಅವರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಸೈಕಲ್ಲು ನನಗೆ ಹೊಸದಲ್ಲ. 1974ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಧಾರವಾಡದ ಮಾಳಮಡ್ಡಿಯಲ್ಲಿ ಅಣ್ಣನ ಸೈಕಲ್ಲಿನ ಮೇಲೆ ಕಲಿತೆ. ಮೇಲೆ ಎಂದದ್ದು ಬರಿಯ ಮಾತಿಗೆ. 24 ಇಂಚಿನ ಫ್ರೇಮಿನ ಆ ಕರಿಯ ಸೈಕಲ್ಲಿನ ಸೀಟು ನನ್ನ ಎದೆಯ ಮಟ್ಟಕ್ಕಿತ್ತು. ಅಡ್ಡಪಟ್ಟಿಯ ಕೆಳಗೆ ಬಲಗಾಲನ್ನು ತೂರಿಸಿ, ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಅರ್ಧರ್ಧ ಪೆಡಲು ಹೊಡೆಯುತ್ತ ಹೋಗುವುದು. ಆ ವಯಸ್ಸಿನ ಮೈ ಎಂಥ ಸೈಕಲ್ಲಿಗೂ ಹೊಂದಿಕೊಳ್ಳುತ್ತದೆ, ಕೇಳುವುದೇ ಇಲ್ಲ.

1986ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಸೈಕಲ್ಲುಗಳ ಊರು ಎಂದು ಹೆಸರಾಗಿದ್ದ ಪುಣೆಯಲ್ಲಿ ಆಗ ಇನ್ನೂ ಲಕ್ಷ್ಮೀ ರಸ್ತೆ, ಟಿಳಕ ರಸ್ತೆಗಳಲ್ಲಿ ಗಂಟೆಗಳ ಸದ್ದು ಕೇಳುತ್ತಿತ್ತು. ನಾನೂ ಕೆಲವು ವರ್ಷ ಲೇಡೀಸ್ ಸೈಕಲ್ಲಿನ ಮೇಲೆಯೇ ಬ್ಯಾಂಕಿನ ಕೆಲಸಕ್ಕೆ ಹೋಗಿ ಬಂದೆ. ಆಮೇಲೆ ಲೂನಾ ಬಂದಿತು. 1972ರಲ್ಲಿ ಹುಟ್ಟಿದ ಆ ಪುಟ್ಟ ಗಾಡಿ ಪುಣೆಯವರ ಮನೆಮಗಳಿದ್ದಂತೆ. ಅದರ ಹಿಂದೆ ಸ್ಕೂಟರು ಬಂದಿತು. ಸೈಕಲ್ಲು ಮೊದಲು ಜಿನೆಯ ಕೆಳಗೆ ಹೋಯಿತು, ನಂತರ ಮೋಡಕದವನ ತಕ್ಕಡಿಗೆ ಹೋಯಿತು. ನಮ್ಮ ಮನೆಯ ಕಥೆಯೂ ಊರಿನ ಕಥೆಯೂ ಒಂದೇ.

2022ರಲ್ಲಿ ನಿವೃತ್ತಳಾದೆ. ಮರುವರ್ಷ ನಮ್ಮ ಮೈದುನನ ಮಗ ಓದಲು ಜರ್ಮನಿಗೆ ಹೊರಟಾಗ ತನ್ನ ಗೇರಿನ ಸೈಕಲ್ಲನ್ನು ನಮ್ಮಲ್ಲಿ ಬಿಟ್ಟುಹೋದ. “ಕಾಕು, ಸುಮ್ನ ನಿಂತರ ಜಂಗು ಹಿಡೀತದ, ನೀವ ಹೊಡೀರಿ” ಎಂದ. ಅವನು ಐದಡಿ ಏಳಿಂಚು, ನಾನು ಐದಡಿ ಮೂರಿಂಚು. ಅಡ್ಡಪಟ್ಟಿ ಇಳಿಜಾರಾಗಿದ್ದುದರಿಂದ ಹತ್ತಿಳಿಯಲು ತೊಂದರೆಯಿರಲಿಲ್ಲ. ಮೂಲೆಯ ಅಂಗಡಿಯ ಹುಡುಗ ಸೀಟನ್ನು ಕೆಳಗಿಳಿಸಿ, ಕೂತಾಗ ಎರಡೂ ಪಾದ ನೆಲಕ್ಕೆ ತಾಗುವಂತೆ ಮಾಡಿಕೊಟ್ಟ. ಸೀಟು ಒತ್ತುತ್ತದೆ ಎಂದಾಗ ಅದರ ಮೂತಿಯನ್ನು ತುಸು ಕೆಳಗೆ ವಾಲಿಸಿದ. ನಮ್ಮ ಬಡಾವಣೆಯ ಏಳೆಂಟು ಜನ ಹೆಂಗಸರ ಒಂದು ಗುಂಪಿದೆ. ಅವರೊಡನೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಹತ್ತಿರದಲ್ಲೇ ಒಂದು ಸುತ್ತು, ರವಿವಾರ ಖಡಕವಾಸಲಾ ಅಣೆಕಟ್ಟಿನವರೆಗೆ ಹೋಗಿ ಬರುವುದು, ಹೀಗೆ ನಡೆಯಿತು.

ಮೂವತ್ತೇಳು ವರ್ಷ ಈ ಊರಿನಲ್ಲಿದ್ದರೂ ಮುಠಾ ನದಿಯ ಮೇಲೆ ಬೆಳಗಾಗುವುದನ್ನು ನಾನು ಕಂಡಿರಲಿಲ್ಲ. ಈಗ ಕಂಡೆ. ಅಣೆಕಟ್ಟಿನ ಹತ್ತಿರ ಸುಟ್ಟ ಜೋಳದ ತೆನೆ ತಿನ್ನುತ್ತ ಏಳೆಂಟು ಹೆಂಗಸರು ಸೊಸೆಯಂದಿರ ಸುದ್ದಿ, ಮೊಣಕಾಲಿನ ಸುದ್ದಿ ಯಾವುದೂ ಇಲ್ಲದೆ ನಕ್ಕದ್ದನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ.

ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಮೂರು ನೋವುಗಳು ಸೇರಿಕೊಂಡವು. ಮೊದಲನೆಯದು ಎರಡೂ ಮೊಣಕಾಲುಗಳ ಮುಂಭಾಗದಲ್ಲಿ, ಚಿಪ್ಪಿನ ಸುತ್ತ. ಎರಡನೆಯದು ಕುತ್ತಿಗೆ ಮತ್ತು ಹೆಗಲುಗಳ ನಡುವೆ. ಮೂರನೆಯದನ್ನು ನೋವೆನ್ನಬಾರದು, ಅದು ಜೋಮು. ಎಡಗೈಯ ಕಿರುಬೆರಳು ಮತ್ತು ಅದರ ಪಕ್ಕದ ಉಂಗುರದ ಬೆರಳು ಮರಗಟ್ಟಿದಂತಾಗಿ, ಸವಾರಿ ಮುಗಿದ ಮೇಲೂ ಒಂದು ದಿನ, ಎರಡು ದಿನ ಹಾಗೆಯೇ ಇರುತ್ತಿದ್ದವು.

ಮೊಣಕಾಲು, ಕುತ್ತಿಗೆಗಳನ್ನು ತಡೆದುಕೊಳ್ಳಬಹುದಾಗಿತ್ತು. ಬೆರಳುಗಳದ್ದು ಹಾಗಲ್ಲ. ನಾನು ಕಸೂತಿ ಹಾಕುವವಳು. ನಮ್ಮವ್ವನಿಂದ ಕಲಿತದ್ದು, ಅವಳು ಅವಳ ಅವ್ವನಿಂದ ಕಲಿತದ್ದು. ಪ್ರತಿ ಶನಿವಾರ ನಮ್ಮ ಜನದ ಐದು ಹುಡುಗಿಯರು ನಮ್ಮ ಮನೆಗೆ ಬರುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರು. ಕನ್ನಡವನ್ನು ಮಾತನಾಡುತ್ತಾರೆ, ಓದಲು ತಡವರಿಸುತ್ತಾರೆ. ಅವರಿಗೆ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳನ್ನು ಹೇಳಿಕೊಡುತ್ತ ತೇರು, ಗೋಪುರ, ತುಳಸಿಕಟ್ಟೆ ಎಂಬ ಶಬ್ದಗಳನ್ನೂ ಹೇಳಿಕೊಡುತ್ತೇನೆ. ಕಸೂತಿಗೆ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿ ಹಾಕಬೇಕು. ಬಲಗೈ ಸೂಜಿ ನಡೆಸಿದರೆ ಎಳೆಯನ್ನು ಬಿಗಿಯಾಗಿ ಹಿಡಿದು ಕೊಡುವುದು ಎಡಗೈ. ಆ ಎಡಗೈಯಿಂದ ಬಟ್ಟೆ ಜಾರತೊಡಗಿತು. ಒಂದು ಶನಿವಾರ ಹುಡುಗಿಯೊಬ್ಬಳು, “ಅಜ್ಜಿ, ನಿಮ್ಮ ಕೈ ನಡಗಲಿಕ್ಕತ್ತದ” ಎಂದಳು. ನಡುಗುತ್ತಿರಲಿಲ್ಲ, ಹಿಡಿತವಿರಲಿಲ್ಲ. ಎರಡಕ್ಕೂ ವ್ಯತ್ಯಾಸವೇನೆಂದು ಹದಿನಾಲ್ಕರ ಹುಡುಗಿಗೆ ಹೇಗೆ ಹೇಳುವುದು?

ಮನೆಯಲ್ಲಿ ಸಭೆ ಸೇರಿತು. ನಮ್ಮವರು, “ಅರವತ್ತು ದಾಟ್ಯಾವ. ಇನ್ನ ಸಾಕು ಮಾಡು” ಎಂದರು. ಹುಬ್ಬಳ್ಳಿಯಿಂದ ನಾದಿನಿ ಫೋನಿನಲ್ಲಿ, “ವೈನಿ, ಸೈಕಲ್ ತುಳಿಯೋ ವಯಸ್ಸೇನ್ರಿ ಇದು?” ಎಂದಳು. ಬೆಂಗಳೂರಿನ ಮಗಳು, ಮನೆಯೊಳಗೇ ನಡೆಯುವ ಯಂತ್ರವೊಂದನ್ನು ಕಳಿಸುತ್ತೇನೆ ಎಂದಳು. ಯಾರ ಮಾತಿನಲ್ಲಿಯೂ ಪ್ರೀತಿಯ ಕೊರತೆಯಿರಲಿಲ್ಲ. ಆದರೆ ಪ್ರತಿಯೊಬ್ಬರೂ ನನ್ನ ಮೈಯ ಬಾಗಿಲನ್ನು ಒಂದೊಂದಾಗಿ ಹಾಕುತ್ತ ಬರುತ್ತಿದ್ದಾರೆ ಎನ್ನಿಸಿತು.

ನಮ್ಮ ಡಾಕ್ಟರರು ಸಾವಧಾನದ ಮನುಷ್ಯರು. ಕುತ್ತಿಗೆ ನೋಡಿದರು, ಮೊಣಕೈ ತಟ್ಟಿದರು, ಬೆರಳುಗಳಿಗೆ ಹತ್ತಿ ಸವರಿ ನೋಡಿದರು. ಎರಡು ವಾರ ಸೈಕಲ್ಲು ಬಿಟ್ಟು ನೋಡಿ ಎಂದರು. ಬಿಟ್ಟೆ, ಜೋಮು ಹೋಯಿತು. ಮತ್ತೆ ಹಿಡಿದೆ, ಮತ್ತೆ ಬಂದಿತು. “ಹಾಗಾದರೆ ಕಳ್ಳ ಸಿಕ್ಕ. ಸೈಕಲ್ಲು ಬೇಕೋ, ಕಸೂತಿ ಬೇಕೋ ನೀವೇ ಆರಿಸಿಕೊಳ್ಳಿ” ಎಂದು ನಕ್ಕರು. ಅವರಿಗೆ ಅದು ನಗೆಯ ಮಾತು. ನಾನು ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತೆ.

ದಾರಿ ತೋರಿಸಿದವರು ನಮ್ಮ ಗುಂಪಿನ ಒಬ್ಬ ತಮಿಳು ಗೆಳತಿ. “ನಿಮ್ಮ ಸೈಕಲ್ಲನ್ನು ಅಳತೆಗೆ ಕೊಟ್ಟಿದ್ದೀರಾ?” ಎಂದು ಕೇಳಿದರು. ಬೈಕ್ ಫಿಟ್ ಎಂದು ಅದಕ್ಕೆ ಹೆಸರಂತೆ. ಸವಾರನ ಮೈಯನ್ನು ಅಳೆದು, ಸೈಕಲ್ಲಿನ ಸೀಟು, ಹ್ಯಾಂಡಲು, ಪೆಡಲುಗಳನ್ನು ಅವನಿಗೆ ತಕ್ಕಂತೆ ಕೂಡಿಸಿ ಕೊಡುವವರು ಇದ್ದಾರಂತೆ. ಖರ್ಚು ನಾಲ್ಕು ಸಾವಿರ ರೂಪಾಯಿ. ಇದನ್ನು ಕೇಳಿ ನಮ್ಮವರು, “ನಾಲ್ಕು ಸಾವಿರಕ್ಕ ಹಳೇ ಸೈಕಲ್ಲ ಒಂದು ಬರ್ತದ” ಎಂದರು. ನಾನೆಂದೆ: “ಅಂಗಡಿಯೊಳಗ ಸಿದ್ಧ ಜಂಪರ ಇನ್ನೂರು ರೂಪಾಯಿಗೆ ಸಿಗ್ತದ. ಆದರೂ ನಾವು ಅಳತಿ ಜಂಪರ ತಗೊಂಡು ಸಿಂಪಿಗ್ಯಾನ ಕಡೆ ಯಾಕ ಹೋಗ್ತೀವಿ?” ಅವರು ಪತ್ರಿಕೆಯನ್ನು ಮುಖಕ್ಕೆ ಹಿಡಿದರು. ನಮ್ಮ ಮನೆಯಲ್ಲಿ ಅದು ಒಪ್ಪಿಗೆಯ ಗುರುತು.

ಸೈಕಲ್ ಅಂಗಡಿಯೆಂದರೆ ಎಣ್ಣೆಯ ವಾಸನೆ, ನೀರಿನ ತೊಟ್ಟಿ, ಪಂಕ್ಚರಿನ ತೇಪೆ ಎಂದು ನನ್ನ ಮನಸ್ಸಿನಲ್ಲಿತ್ತು. ಇದು ಬೇರೆ. ಸ್ವಚ್ಛವಾದ ಕೋಣೆ, ಮೂಲೆಯಲ್ಲಿ ಪರೀಕ್ಷೆಯ ಮಂಚ, ಗೋಡೆಯ ಮೇಲೆ ಎಡಿ ಮರ್ಕ್ಸ್‌ನ ಚಿತ್ರ. ಫ್ರಾನ್ಸಿನ ಮಹಾ ಸ್ಪರ್ಧೆಯನ್ನು ಐದು ಸಲ ಗೆದ್ದ ಬೆಲ್ಜಿಯಮ್ಮಿನ ಈ ವೀರ 1969ರಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ಸೀಟಿನ ಎತ್ತರವನ್ನು ಸದಾ ಬದಲಿಸುತ್ತಲೇ ಇದ್ದನಂತೆ, ಸ್ಪರ್ಧೆಯ ನಡುವೆ ಕೂಡ. ಅಂಥವನಿಗೇ ಸೀಟು ಚಿಂತೆಯಾಗಿತ್ತೆಂದು ತಿಳಿದು ನನಗೆ ಧೈರ್ಯ ಬಂದಿತು.

ಅಳತೆ ಮಾಡುವವನು ಮೂವತ್ತರ ಆಸುಪಾಸಿನ ಮರಾಠಿ ತರುಣ; ಫಿಸಿಯೋಥೆರಪಿ ಓದಿದವನು. “ಯಾ ಕಾಕು, ಬಸಾ” ಎಂದ. ಕಾಕು ಎಂಬುದು ನಮ್ಮಲ್ಲಿಯೂ ಇರುವ ಶಬ್ದವಾದ್ದರಿಂದ ಅರ್ಧ ಸಂಕೋಚ ಅಲ್ಲಿಯೇ ಕಳೆಯಿತು. ಮೊದಲ ಅರ್ಧ ತಾಸು ಅವನು ಸೈಕಲ್ಲನ್ನು ಮುಟ್ಟಲೇ ಇಲ್ಲ. ಎಲ್ಲಿ ನೋವು, ಎಷ್ಟು ಹೊತ್ತಿನ ನಂತರ, ಏರಿನಲ್ಲೋ ಇಳಿಜಾರಿನಲ್ಲೋ, ಹಿಂದೆ ಬಿದ್ದದ್ದುಂಟೋ, ದಿನದ ಕೆಲಸವೇನು ಎಂದು ಕೇಳಿ ಬರೆದುಕೊಂಡ. ಕಸೂತಿಯ ವಿಷಯ ಹೇಳಿದಾಗ ತಲೆಯೆತ್ತಿ, ಯಾವ ಕೈಯಲ್ಲಿ ಬಟ್ಟೆ ಹಿಡಿಯುತ್ತೀರಿ ಎಂದು ಕೇಳಿದ. ಇದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಅನಂತರ ಮಂಚದ ಮೇಲೆ ಮಲಗಿಸಿ ಕಾಲು ಎಷ್ಟು ಮೇಲೇಳುತ್ತದೆ, ಸೊಂಟ ಎಷ್ಟು ಬಾಗುತ್ತದೆ, ಎರಡೂ ಕಾಲುಗಳ ಉದ್ದ ಸಮವಾಗಿದೆಯೆ ಎಂದು ನೋಡಿದ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತೊಡೆಗಳ ನಡುವೆ ಒಂದು ಪುಸ್ತಕವನ್ನು ಸೀಟಿನಂತೆ ಮೇಲಕ್ಕೆ ಒತ್ತಿ ಹಿಡಿಸಿ, ನೆಲದಿಂದ ಅದರ ಅಂಚಿನವರೆಗೆ ಅಳೆದ. 74 ಸೆಂಟಿಮೀಟರು. ಆಮೇಲೆ ಒಂದು ರಟ್ಟಿನ ಮೇಲೆ ಕೂರಿಸಿದ. ಎದ್ದಾಗ ರಟ್ಟಿನಲ್ಲಿ ಎರಡು ತಗ್ಗು. ನಾವು ಕೂತಾಗ ಭಾರ ಹೊರುವ ಎಲುಬುಗಳ ಗುರುತು ಅವು. ನನ್ನವುಗಳ ನಡುವಿನ ಅಂತರ 13 ಸೆಂಟಿಮೀಟರು. ಸೀಟು ಅದಕ್ಕಿಂತ ಸಾಕಷ್ಟು ಅಗಲವಾಗಿದ್ದು ಆ ಎಲುಬುಗಳಿಗೆ ಆಸರೆ ಕೊಡಬೇಕು. ಇಲ್ಲದಿದ್ದರೆ ಭಾರವೆಲ್ಲ ನಡುವಿನ ಮೆತ್ತನೆಯ ಭಾಗದ ಮೇಲೆ ಬೀಳುತ್ತದೆ. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು. ನಾನು ಕೂತಿದ್ದ ಸೀಟು ಹುಡುಗನೊಬ್ಬನ ಮೈಗೆ ಮಾಡಿದ್ದು. ಅದು ಒತ್ತುತ್ತಿತ್ತೆಂಬುದರಲ್ಲಿ ಆಶ್ಚರ್ಯವೇನು?

ಕೊನೆಗೆ ಸೈಕಲ್ಲನ್ನು ಒಂದು ಚೌಕಟ್ಟಿಗೆ ಬಿಗಿದು, ನನ್ನ ಕಣಕಾಲು, ಮೊಣಕಾಲು, ಸೊಂಟ, ಹೆಗಲು, ಮೊಣಕೈ, ಮಣಿಕಟ್ಟುಗಳಿಗೆ ಬಿಂದಿಯಂಥ ಗುರುತುಗಳನ್ನು ಅಂಟಿಸಿ, ಪಕ್ಕದಿಂದ ಕ್ಯಾಮೆರಾ ಹಿಡಿದು ತುಳಿಯಹೇಳಿದ. ಹತ್ತು ನಿಮಿಷ ತುಳಿದ ಮೇಲೆ ಚಿತ್ರ ತೋರಿಸಿದ. ಪೆಡಲು ಅತ್ಯಂತ ಕೆಳಗಿರುವಾಗಲೂ ನನ್ನ ಮೊಣಕಾಲು 48 ಡಿಗ್ರಿ ಬಾಗಿಯೇ ಇತ್ತು. ಅದು 25ರಿಂದ 35 ಡಿಗ್ರಿಗಳ ನಡುವೆ ಇರಬೇಕು ಎಂದ. ಪಾದ ನೆಲಕ್ಕೆ ತಾಗಲೆಂದು ಇಳಿಸಿದ ಸೀಟು ಮೊಣಕಾಲನ್ನು ಎಂದೂ ಬಿಚ್ಚಿಕೊಳ್ಳಗೊಡುತ್ತಿರಲಿಲ್ಲ. ಹಾಗೆ ಹೆಚ್ಚು ಬಾಗಿದ ಕಾಲಿನಿಂದ ಒತ್ತುವಾಗ ಚಿಪ್ಪು ಹಿಂದಿನ ಎಲುಬಿಗೆ ಜೋರಾಗಿ ಒತ್ತಿಕೊಳ್ಳುತ್ತದೆ. ಒಂದು ಸಲ ಒತ್ತಿದರೆ ಏನೂ ಇಲ್ಲ. ಆದರೆ ನಿಮಿಷಕ್ಕೆ 70 ಸುತ್ತಿನ ಲೆಕ್ಕ ಹಿಡಿಯಿರಿ, ತಾಸಿಗೆ 4,200. ಎರಡು ತಾಸಿನ ಸವಾರಿಗೆ ಒಂದೊಂದು ಮೊಣಕಾಲಿಗೆ 8,400 ಸಲ. ನೀರಿನ ಹನಿ ಕಲ್ಲನ್ನು ಕೊರೆಯುವುದು ಹೀಗೆಯೇ ಅಲ್ಲವೆ?

ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳಾದ್ದರಿಂದ, ಸೀಟು ಎಷ್ಟು ಎತ್ತರವಿರಬೇಕೆಂಬುದಕ್ಕೆ ಸೂತ್ರವೇನಾದರೂ ಇದೆಯೆ ಎಂದು ಕೇಳಿದೆ. ಇದೆ, ಒಂದಲ್ಲ ಎರಡು ಎಂದ. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಇಂಗ್ಲೆಂಡಿನ ಸಂಶೋಧಕರು ಹೇಳಿದ್ದು: ಕಾಲಿನ ಒಳ ಅಳತೆಯ ನೂರಕ್ಕೆ 109ರಷ್ಟು, ಕೆಳಗಿಳಿದ ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ. ಇನ್ನೊಂದು, ಫ್ರೆಂಚ್ ತರಬೇತುದಾರ ಗಿಮಾರ್‌ನಿಂದ ಬಂದು ಅಮೆರಿಕದ ಗ್ರೆಗ್ ಲೆಮಾಂಡ್‌ನ ಹೆಸರಿನಲ್ಲಿ ಪ್ರಸಿದ್ಧವಾದದ್ದು: ಅದೇ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲುಗಳು ತಿರುಗುವ ನಡುಗುಂಬದಿಂದ ಸೀಟಿನವರೆಗಿನ ಎತ್ತರ. ಅಲ್ಲಿಯೇ ಗುಣಿಸಿ ನೋಡಿದೆ. ಮೊದಲನೆಯ ಸೂತ್ರದಿಂದ ಪೆಡಲಿನ ತೋಳಿನ 17 ಸೆಂಟಿಮೀಟರನ್ನು ಕಳೆದರೆ 63.7, ಎರಡನೆಯದರಿಂದ 65.3. ಒಂದೇ ಕಾಲಿಗೆ ಎರಡು ಉತ್ತರ! “ಕಾಕು, ಸೂತ್ರ ಊರಿನವರೆಗೆ ಕರೆದೊಯ್ಯುತ್ತದೆ, ಮನೆಯನ್ನು ನಾವೇ ಹುಡುಕಬೇಕು” ಎಂದು ಅವನು ಮರಾಠಿಯಲ್ಲಿ ಹೇಳಿದ. ಪಾದದ ಉದ್ದ, ಸ್ನಾಯುಗಳ ಬಿಗಿ, ಕಾಲಿನಲ್ಲಿರುವ ಚಪ್ಪಲಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕೋನವನ್ನು ನೋಡುತ್ತ ನೋಡುತ್ತ ಕಡೆಗೆ 64.5ಕ್ಕೆ ನಿಂತಿತು. ಮೊದಲು ಇದ್ದದ್ದು 61. ಆದರೆ ಒಮ್ಮೆಲೇ ಮೂರೂವರೆ ಸೆಂಟಿಮೀಟರು ಏರಿಸಲಿಲ್ಲ. ಆ ದಿನ ಎರಡು. ಮೂರು ವಾರಗಳ ನಂತರ ಉಳಿದದ್ದು.

ಇನ್ನು ನನ್ನ ಎರಡು ಬೆರಳುಗಳ ಸಂಗತಿ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಗೆ, ಒಂದು ಇಕ್ಕಟ್ಟಾದ ದಾರಿಯಿದೆ. 1861ರಲ್ಲಿ ಅದನ್ನು ವರ್ಣಿಸಿದ ಫ್ರೆಂಚ್ ವೈದ್ಯ ಗಯೋನ್‌ನ ಹೆಸರೇ ಅದಕ್ಕಿದೆ. ಆ ದಾರಿಯಲ್ಲಿ ಹಾದುಹೋಗುವ ನರ ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಸ್ಪರ್ಶಜ್ಞಾನ ಕೊಡುತ್ತದೆ. ಮೊಣಕೈ ಎಲ್ಲಿಯಾದರೂ ತಾಗಿ ಝುಂ ಎನ್ನುತ್ತದಲ್ಲ, ಅದೇ ನರ. ವಾಲಿಸಿದ ಸೀಟಿನಿಂದ ನಾನು ಪ್ರತಿಕ್ಷಣವೂ ಮುಂದಕ್ಕೆ ಜಾರುತ್ತಿದ್ದೆ. ಜಾರದಂತೆ ಕೈಗಳಿಂದ ತಡೆದುಕೊಳ್ಳುತ್ತಿದ್ದೆ. ಹ್ಯಾಂಡಲೂ ದೂರ, ಮೊಣಕೈ ನೆಟ್ಟಗೆ, ಮಣಿಕಟ್ಟು ಹಿಂದಕ್ಕೆ ಮಡಿಚಿಕೊಂಡು, ಮೈಯ ಭಾರ ನೇರವಾಗಿ ಆ ಇಕ್ಕಟ್ಟಿನ ಮೇಲೆ. ದೂರದ ಹ್ಯಾಂಡಲಿಗೆ ಚಾಚಿಕೊಂಡು ತಲೆಯೆತ್ತಿ ರಸ್ತೆ ನೋಡುವಾಗ ಕುತ್ತಿಗೆಗೂ ಅದೇ ಶಿಕ್ಷೆ. ಮೂರು ನೋವುಗಳು ಮೂರು ರೋಗಗಳಲ್ಲ, ಅಕ್ಕಪಕ್ಕದ ಮನೆಯವು.

ಅವನು ಮಾಡಿದ ಕೆಲಸ ನೋಡಲು ಬಹಳವಲ್ಲ. ಅಗಲವಾದ ಸೀಟನ್ನು ಹಾಕಿ ಮಟ್ಟಗೋಲಿಟ್ಟು ಸಮ ಮಾಡಿದ. ಹ್ಯಾಂಡಲನ್ನು ಫ್ರೇಮಿಗೆ ಕೂಡಿಸುವ ತುಂಡು 110 ಮಿಲಿಮೀಟರು ಉದ್ದವಿತ್ತು. ಅದನ್ನು ತೆಗೆದು 70ರದನ್ನು ಹಾಕಿ ತುಸು ಎತ್ತರಿಸಿದ. ಬ್ರೇಕಿನ ಹಿಡಿಗಳನ್ನು ನನ್ನ ಬೆರಳು ಎಟುಕುವಷ್ಟು ಹತ್ತಿರ ತಂದ. ಸೀಟು ಮತ್ತು ಆ ತುಂಡಿನ ಬೆಲೆ ಬೇರೆ. ಫ್ರೇಮು ನಿಮಗೆ ಒಂದು ಅಳತೆ ದೊಡ್ಡದೇ, ಮುಂದೆ ಕೊಳ್ಳುವಾಗ ನೆನಪಿಡಿ ಎಂದೂ ಹೇಳಿದ. ಎಲ್ಲ ಸೇರಿ ಮೂರು ತಾಸು. ಹೊರಡುವಾಗ ಇನ್ನೊಂದು ಮಾತು ಹೇಳಿದ: “ನಿಮ್ಮ ಬಲ ಮೊಣಕಾಲಿನಲ್ಲಿ ಕರಕರ ಶಬ್ದವಿದೆ, ಸ್ವಲ್ಪ ಊತವೂ ಇದೆ. ಅದು ಪೂರ್ತಿ ನನ್ನ ಕೈಯಲ್ಲಿಲ್ಲ. ಡಾಕ್ಟರಿಗೆ ತೋರಿಸಿ.” ಹಣ ತೆಗೆದುಕೊಂಡ ಮೇಲೂ ತನ್ನ ವಿದ್ಯೆಯ ಎಲ್ಲೆಯನ್ನು ಹೇಳುವವನ ಮೇಲೆ ವಿಶ್ವಾಸ ಹುಟ್ಟದಿರುತ್ತದೆಯೆ?

ಎತ್ತರದ ಸೀಟಿಗೆ ಹೊಂದಿಕೊಳ್ಳುವುದು ಸುಲಭವಾಗಿರಲಿಲ್ಲ. ಕೂತಲ್ಲಿಂದ ಪಾದ ನೆಲಕ್ಕೆ ಎಟುಕುವುದಿಲ್ಲವೆಂದರೆ ಕರ್ವೆ ರಸ್ತೆಯ ಸಿಗ್ನಲಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ಅಡ್ಡಪಟ್ಟಿಯ ಮೇಲೆ ನಿಲ್ಲಬೇಕು. ಹೊರಡುವಾಗ ಪೆಡಲಿನ ಮೇಲೆ ಭಾರ ಹಾಕಿ ಏರಬೇಕು. ನಮ್ಮ ಸೊಸೈಟಿಯ ಅಂಗಳದಲ್ಲಿ ಒಂದು ವಾರ ಇದನ್ನೇ ಅಭ್ಯಾಸ ಮಾಡಿದೆ. ಕಾವಲುಗಾರ ಮೊದಲ ದಿನ ಓಡಿ ಬಂದ. ನಾಲ್ಕನೆಯ ದಿನ ಕುರ್ಚಿಯಿಂದ ಏಳಲಿಲ್ಲ. ಅದೇ ನನ್ನ ಪರೀಕ್ಷೆಯ ಫಲಿತಾಂಶ.

ಜೋಮು ಮೂರನೆಯ ವಾರಕ್ಕೆ ಇಳಿಮುಖವಾಗಿ ಎರಡು ತಿಂಗಳಿಗೆ ಪೂರ್ತಿ ಹೋಯಿತು. ಕುತ್ತಿಗೆ ತಾನಾಗಿಯೇ ಸುಮ್ಮನಾಯಿತು. ಎಡ ಮೊಣಕಾಲು ತನಗೊಂದು ಅಸ್ತಿತ್ವವಿದೆಯೆಂಬುದನ್ನೇ ಮರೆಸಿತು. ಬಲ ಮೊಣಕಾಲಿನ ನೋವು ಅರ್ಧ ಕಡಿಮೆಯಾಗಿ ಅಲ್ಲಿಯೇ ನಿಂತಿತು. ಕ್ಷ-ಕಿರಣದ ಚಿತ್ರ ನೋಡಿ ಡಾಕ್ಟರರು, ಸಂದಿನ ಸವೆತ ಶುರುವಾಗಿದೆ, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಮಾಡಿ, ಸೈಕಲ್ಲನ್ನು ಹಗುರ ಗೇರಿನಲ್ಲಿ ತುಳಿಯಿರಿ ಎಂದರು. ಸರಿ, ಇದು ನನ್ನದು, ವಯಸ್ಸಿನದು. ಒಪ್ಪಿಕೊಂಡೆ. ಆದರೆ ಒಪ್ಪಿಕೊಳ್ಳುವ ಮೊದಲು ನನ್ನದಲ್ಲದ್ದನ್ನು ಬೇರೆ ತೆಗೆದಿಟ್ಟಿದ್ದೆ. ನಾಲ್ಕು ಸಾವಿರ ಕೊಟ್ಟು ನಾನು ಕೊಂಡದ್ದು ಈ ವಿಂಗಡಣೆಯನ್ನು. ಇಲ್ಲವಾಗಿದ್ದರೆ ಅರ್ಧ ಮೊಣಕಾಲಿನ ನಿಜವಾದ ಸವೆತಕ್ಕಾಗಿ ಎರಡು ಬೆರಳು, ಒಂದು ಕುತ್ತಿಗೆ, ಒಂದೂವರೆ ಮೊಣಕಾಲುಗಳನ್ನು ವಯಸ್ಸಿನ ಖಾತೆಗೆ ಸುಮ್ಮನೆ ಜಮಾ ಮಾಡುತ್ತಿದ್ದೆವು.

ಸೈಕಲ್ಲಿಗೂ ಅಳತೆಯೆ ಎಂದು ನಗುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1870ರ ದಶಕದಲ್ಲಿ ಮುಂದಿನ ಚಕ್ರ ಆಳೆತ್ತರ, ಹಿಂದಿನದು ಪುಟ್ಟದು ಇರುವ ಸೈಕಲ್ಲುಗಳಿದ್ದವು. ಚೈನಿಲ್ಲ, ಪೆಡಲು ಮುಂದಿನ ಚಕ್ರಕ್ಕೇ. ಚಕ್ರ ದೊಡ್ಡದಾದಷ್ಟೂ ವೇಗ ಹೆಚ್ಚು, ಆದರೆ ಕಾಲು ಎಟುಕಬೇಕಲ್ಲ? ಆದುದರಿಂದ ಕೊಳ್ಳುವವನ ಕಾಲಿನ ಉದ್ದಕ್ಕೆ ತಕ್ಕಂತೆಯೇ ಚಕ್ರವನ್ನು ಆರಿಸುತ್ತಿದ್ದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಚೈನು ಕೊಟ್ಟ ರೋವರ್ ಸೈಕಲ್ಲನ್ನು ತಂದ ಮೇಲೆ ಕಾಲಿಗೂ ಚಕ್ರಕ್ಕೂ ಇದ್ದ ಆ ನಂಟು ಕಡಿದುಹೋಯಿತು. ಒಂದೇ ಸೈಕಲ್ಲನ್ನು ಅಪ್ಪನೂ ಮಗನೂ ಹೊಡೆಯಬಹುದಾಯಿತು. ದೊಡ್ಡ ಉಪಕಾರವೇ ಸರಿ. ನಮ್ಮ ದೇಶದಲ್ಲಂತೂ ಹಾಲಿನವರು, ಅಂಚೆಯವರು, ಮಾಸ್ತರರು ಎಲ್ಲರೂ 22 ಅಥವಾ 24 ಇಂಚಿನ ಎರಡೇ ಫ್ರೇಮುಗಳಲ್ಲಿ ಜೀವನ ಕಳೆದರು. ಅವರ ಬೆನ್ನು ಮೊಣಕಾಲುಗಳ ಲೆಕ್ಕವನ್ನು ಇಟ್ಟವರಾರು?

ಇಷ್ಟು ಓದಿ ಎಲ್ಲರೂ ನಾಲ್ಕು ಸಾವಿರ ಖರ್ಚು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿಯೇ ನೋಡಿಕೊಳ್ಳಬಹುದಾದದ್ದು ಬಹಳ ಇದೆ. ಗೋಡೆ ಹಿಡಿದು ಸೈಕಲ್ಲಿನ ಮೇಲೆ ಕೂತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಡಿ. ಕಾಲು ಆಗ ತಾನೆ ನೆಟ್ಟಗಾಗುವಂತಿದ್ದರೆ ಸೀಟಿನ ಎತ್ತರ ಹೆಚ್ಚುಕಡಿಮೆ ಸರಿ. ಪಾದದ ಮುಂಭಾಗದಿಂದ ತುಳಿಯುವಾಗ ಬೇಕಾದಷ್ಟು ಬಾಗು ತಾನೇ ಬರುತ್ತದೆ. ನೋವು ಮೊಣಕಾಲಿನ ಮುಂದಿದ್ದರೆ ಸೀಟು ತಗ್ಗಾಗಿದೆಯೋ ಎಂದು ನೋಡಿ. ಹಿಂದಿದ್ದರೆ, ಅಥವಾ ತುಳಿಯುವಾಗ ಸೊಂಟ ಅತ್ತಿತ್ತ ಓಲಾಡುತ್ತಿದ್ದರೆ, ಎತ್ತರ ಹೆಚ್ಚಾಯಿತೋ ಎಂದು ನೋಡಿ. ಸೀಟು ಮಟ್ಟವಾಗಿರಲಿ. ಮೊಣಕೈ ತುಸು ಬಾಗಿರಲಿ, ಮಣಿಕಟ್ಟು ನೇರವಾಗಿರಲಿ. ಬದಲಾವಣೆಯನ್ನು ಒಂದು ಸಲಕ್ಕೆ ಒಂದೇ ಮಾಡಿ, ಸ್ವಲ್ಪ ಸ್ವಲ್ಪವಾಗಿ ಮಾಡಿ. ಹಳೆಯ ಎತ್ತರಕ್ಕೆ ಪೆನ್ಸಿಲಿನ ಗುರುತು ಹಾಕಿಟ್ಟುಕೊಳ್ಳಿ. ಮಕ್ಕಳಿಗೆ, ಮುಂದಿನ ವರ್ಷಕ್ಕೂ ಬರಲಿ ಎಂದು ದೊಡ್ಡ ಸೈಕಲ್ಲು ಕೊಡಿಸಬೇಡಿ. ಅಂಚು ಮಡಿಚಿ ಹೊಲಿಯಲು ಅದು ಲಂಗವಲ್ಲ. ಜೋಮು ಸವಾರಿಯಿಲ್ಲದ ದಿನವೂ ಬಿಡದಿದ್ದರೆ, ಕೈಯ ಬಲ ಕಡಿಮೆಯಾದರೆ, ಮೊಣಕಾಲು ಊದಿದರೆ ಮೊದಲು ಡಾಕ್ಟರರನ್ನು ಕಾಣಿ.

ನಮ್ಮ ಅತ್ತೆಯವರಿಗೆ ಈಗ ಎಂಬತ್ತೆಂಟು. 2021ರಲ್ಲಿ ಬಿದ್ದ ಮೇಲೆ ವಾಕರ್ ಹಿಡಿದು ನಡೆಯುತ್ತಾರೆ. ಅದು ಸಂಬಂಧಿಕರ ಮನೆಯಿಂದ ಬಂದದ್ದು; ಅಲ್ಲಿ ಅದನ್ನು ಬಳಸಿದವರು ಕುಳ್ಳಗಿದ್ದವರು. ಬಹಳ ಬಾಗಿ ನಡೆಯುತ್ತಾರೆ, ವಯಸ್ಸಾಯಿತಲ್ಲ ಎಂದು ನೋಡಲು ಬಂದವರೆಲ್ಲ ಹೇಳುತ್ತಿದ್ದರು. ಸೈಕಲ್ಲಿನ ಅಳತೆಯಾದ ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಅವರು ನಡುಮನೆಯಲ್ಲಿ ಹಾದುಹೋಗುವಾಗ ನಾನು ಕಸೂತಿ ಬಿಟ್ಟು, ಆ ತರುಣ ನನ್ನನ್ನು ನೋಡಿದ ಹಾಗೆ, ಪಕ್ಕದಿಂದ ನೋಡಿದೆ. ಅವರು ಬಾಗಿರಲಿಲ್ಲ, ವಾಕರ್ ಬಾಗಿಸಿತ್ತು. ಗೋಡೆಗೆ ಒರಗಿಸಿ ನಿಲ್ಲಿಸಿ ಕೈಗಳನ್ನು ಇಳಿಬಿಡಹೇಳಿದೆ. ವಾಕರಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಇಲ್ಲಿ ಎರಡು ಇಂಚು ಕೆಳಗಿತ್ತು. ನಾಲ್ಕೂ ಕಾಲುಗಳ ಗುಂಡಿ ಒತ್ತಿ ಎರಡೆರಡು ತೂತು ಏರಿಸಿದೆ. ಎರಡು ನಿಮಿಷದ ಕೆಲಸ, ಒಂದು ಪೈಸೆಯ ಖರ್ಚಿಲ್ಲ.

ಅವರು ಅಡಿಗೆಮನೆಯಿಂದ ಬಾಗಿಲಿನವರೆಗೆ ಒಮ್ಮೆ ಹೋಗಿ ಬಂದರು. ಗೋಡೆಯ ಮೇಲಿದ್ದ ಮಾವನವರ ಫೋಟೋವನ್ನು ದಿಟ್ಟಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇದು ಹೊಸಾದು ತಂದ್ಯೇನ?” ಎಂದರು.

“ಇಲ್ಲರೀ, ಹಳೇದ ಅದ” ಎಂದೆ.